ಗೊರಬು ಸೂಡಿದ ಬೆಕ್ಕು

ಕಳೆದ ಆಷಾಢದಲ್ಲಿ ತೀರ್ಥಹಳ್ಳಿಯ ಕೆಲವು ಗೆಳೆಯರು ಸೇರಿ ನಡೆಸುವ ತಿಂಗಳ ಕೂಟದಲ್ಲಿ ನಾರ್ವೆ ದೇಶದ ಒಂದು ಉದ್ದಗೂದಲಿನ ಬೆಕ್ಕಿನ ತಳಿಯ ಬಗ್ಗೆ ನಾನು ಮಾಡಿದ ಉಪನ್ಯಾಸವನ್ನು, ಮಳೆಯಿಂದಾಗಿ ಅಂದು ಬರಲಾಗದವರು ಕೇಳಿದ್ದರಿಂದ, ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ವಿವರಗಳನ್ನು ಸೇರಿಸಿದ್ದೇನೆ. ಉಳಿದಂತೆ ಅಂದು ಆಡಿದ ಕ್ರಮದಲ್ಲಿಯೇ ಇದೆ.

ಮಾನ್ಯರೇ, ಈ ಸೀಮೆಯಲ್ಲಿ ಮೂವತ್ತು ವರ್ಷ ಪಶುವೈದ್ಯನಾಗಿ ದುಡಿದ ನನ್ನನ್ನು ಬೆಕ್ಕಿನ ಬಗ್ಗೆ ಮಾತನಾಡಿ ಎಂದು ಯಾರೂ ಕರೆದದ್ದಿಲ್ಲ. ನಮ್ಮ ಕಡೆ ಪಶುವೈದ್ಯನೆಂದರೆ ದನ, ಎಮ್ಮೆ, ಅಪರೂಪಕ್ಕೆ ನಾಯಿ. ಬೆಕ್ಕಿಗೆ ಕಾಯಿಲೆಯಾದರೆ ಅದು ಅಟ್ಟ ಹತ್ತಿ ಮಲಗುತ್ತದೆ, ಬದುಕಿದರೆ ತಾನಾಗಿ ಇಳಿದು ಬರುತ್ತದೆ ಎಂಬುದು ಬಹುಪಾಲು ಮನೆಗಳ ನಂಬಿಕೆ. ಈಚಿನ ಏಳೆಂಟು ವರ್ಷಗಳಲ್ಲಿ ಇದು ಬದಲಾಗಿದೆ. ಶಿವಮೊಗ್ಗದಲ್ಲಷ್ಟೇ ಅಲ್ಲ, ಸಾಗರ, ಹೊಸನಗರದ ಒಳಹಳ್ಳಿಗಳಲ್ಲಿಯೂ ದುಡ್ಡು ಕೊಟ್ಟು ತಂದ ಉದ್ದಗೂದಲಿನ ಬೆಕ್ಕುಗಳು ಕಾಣಸಿಗುತ್ತಿವೆ, ಮತ್ತು ಅವುಗಳೊಡನೆ ಮೊದಲು ಕೇಳಿರದ ತಳಿಗಳ ಹೆಸರುಗಳೂ ಬರುತ್ತಿವೆ.

ಮೇ ಕೊನೆಯಲ್ಲಿ, ಮುಂಗಾರಿಗೆ ಮೊದಲಿನ ಮಳೆ ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ, ಸಾಗರದ ಕಡೆಯ ಒಬ್ಬ ಯುವಕ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ನನ್ನ ಮೇಜಿನ ಮೇಲಿಟ್ಟ. ಒಳಗೆ ಏಳು ತಿಂಗಳಿನ, ಬೂದು ಬಣ್ಣದ ಗಂಡು ಬೆಕ್ಕು. ಮುಂಗಾಲುಗಳ ಸಂದಿನಲ್ಲಿ, ಕಿವಿಯ ಹಿಂದೆ, ಹೊಟ್ಟೆಯ ಅಡಿಯಲ್ಲಿ ಕೂದಲು ಕಂಬಳಿಯ ತುಂಡಿನಂತೆ ಜಡೆಗಟ್ಟಿ, ಬೆರಳಿನಿಂದ ಬಿಡಿಸಲು ಹೋದರೆ ಚರ್ಮವೇ ಎದ್ದು ಬರುವಂತಿತ್ತು. ಎಡಗಿವಿಯ ಬುಡದಲ್ಲಿ ಎಂಟಾಣೆಯಷ್ಟು ಅಗಲದ, ಕೂದಲು ಉದುರಿ ಹೊಟ್ಟೆದ್ದ ಮಚ್ಚೆ. ನೋಡಿದೊಡನೆ ಹುಳುಕಡ್ಡಿ ಎಂದು ತಿಳಿಯಿತು. ಆದರೆ ಅವನ ಮೊದಲ ಪ್ರಶ್ನೆ ರೋಗದ ಬಗ್ಗೆ ಇರಲಿಲ್ಲ. ಲಸಿಕೆಯ ಪುಸ್ತಕ ತೆರೆದು, ತಳಿ ಎಂದು ಅಚ್ಚಾದ ಗೆರೆಯ ಮೇಲೆ ಬೆರಳಿಟ್ಟು, “ಸರ್, ಇಲ್ಲಿ ನಾರ್ವೇಜಿಯನ್ ಫಾರೆಸ್ಟ್ ಕ್ಯಾಟ್ ಅಂತ ಬರೀತೀರಾ? ಭಾಳ ಅಪರೂಪದ ಜಾತಿ ಅಂತ ಹೇಳಿ ಕೊಟ್ಟಿದಾರೆ” ಎಂದ. ಅಡಕೆ ಮಾರಿದ ಹಣದಲ್ಲಿ ದೊಡ್ಡ ಪಾಲನ್ನೇ ಅವನು ಅದಕ್ಕೆ ಕೊಟ್ಟಿದ್ದ. ನಾನು ಲಸಿಕೆಯ ದಿನಾಂಕ ಬರೆದು, ಆ ಗೆರೆಯನ್ನು ಖಾಲಿ ಬಿಟ್ಟೆ. ಆ ತಳಿ ಎಲ್ಲಿಯದು, ಅದು ಅಪರೂಪವಾದದ್ದು ಹೇಗೆ, ‘ಅಪರೂಪ’ ಎಂಬ ಮಾತಿಗೆ ಇಲ್ಲಿ ಏನರ್ಥ ಎಂಬುದನ್ನು ಹೇಳದೆ ಅವನಿಗೆ ಹೌದು ಅಥವಾ ಅಲ್ಲ ಎನ್ನುವುದು ನನಗೆ ಸರಿಯೆನಿಸಲಿಲ್ಲ. ಇಂದಿನ ಮಾತು ಆ ಪ್ರಶ್ನೆಗೆ ನನ್ನ ಉತ್ತರ.

ಮೊದಲು ಹೆಸರು. ನಾರ್ವೆಯವರು ಇದನ್ನು ‘ಸ್ಕೂಗ್‌ಕಟ್’ ಎನ್ನುತ್ತಾರೆ. ಸ್ಕೂಗ್ ಎಂದರೆ ಕಾಡು, ಕಟ್ ಎಂದರೆ ಬೆಕ್ಕು. ಇದನ್ನು ಕನ್ನಡದಲ್ಲಿ ‘ಕಾಡುಬೆಕ್ಕು’ ಎಂದುಬಿಟ್ಟರೆ ನಮ್ಮವರು ದಾರಿ ತಪ್ಪುತ್ತಾರೆ. ನಮಗೆ ಕಾಡುಬೆಕ್ಕು ಎಂದರೆ ಕೋಳಿಗೂಡಿಗೆ ಕನ್ನ ಹಾಕುವ, ಮನುಷ್ಯನ ಕೈಗೆ ಸಿಗದ ಬೇರೆಯೇ ಪ್ರಾಣಿ. ಸ್ಕೂಗ್‌ಕಟ್ ಹಾಗಲ್ಲ. ಅದು ನಿಮ್ಮ ನಮ್ಮ ಒಲೆಯ ಪಕ್ಕ ಮಲಗುವ ಬೆಕ್ಕಿನ ಜಾತಿಗೇ ಸೇರಿದ ಸಾಕುಪ್ರಾಣಿ. ನಾರ್ವೆಯ ಕಾಡುಗಳಲ್ಲಿ ಬೆಕ್ಕಿನ ಕುಟುಂಬಕ್ಕೆ ಸೇರಿದ ವನ್ಯಪ್ರಾಣಿಯೆಂದರೆ ಲಿಂಕ್ಸ್ ಒಂದೇ. ಈ ಬೆಕ್ಕು ಅದರಿಂದ ಹುಟ್ಟಿಬಂದದ್ದಲ್ಲ. ಕಾಡಂಚಿನ ಒಕ್ಕಲುಮನೆಗಳಲ್ಲಿ ಇಲಿ ಹಿಡಿಯುತ್ತ, ಕೊಟ್ಟಿಗೆಯ ಹುಲ್ಲಿನಲ್ಲಿ ಮಲಗುತ್ತ, ಅರ್ಧ ತನ್ನ ದುಡಿಮೆಯಿಂದ, ಅರ್ಧ ಮನೆಯವರ ಹಾಲಿನಿಂದ ಬದುಕಿದ ಬೆಕ್ಕು ಅದು. ಆದ್ದರಿಂದ ನಾನು ಇದನ್ನು ‘ನಾರ್ವೆಯ ಕಾಡಿನ ಬೆಕ್ಕು’ ಎಂದೇ ಕರೆಯುತ್ತೇನೆ.

ಆಕಾರದಲ್ಲಿ ಅದು ದೊಡ್ಡದು. ನಮ್ಮ ಮನೆಯ ಮಾಳಬೆಕ್ಕು ನಾಲ್ಕು ಕಿಲೋ ತೂಗಿದರೆ ಹೆಚ್ಚು. ಈ ತಳಿಯ ಗಂಡು ಸಾಮಾನ್ಯವಾಗಿ 5ರಿಂದ 8 ಕಿಲೋ ತೂಗುತ್ತದೆ, ಹೆಣ್ಣು ಅದಕ್ಕಿಂತ ಸಾಕಷ್ಟು ಸಣ್ಣದು. ಬೆಳವಣಿಗೆ ನಿಧಾನ, ಪೂರ್ತಿ ಮೈಕಟ್ಟು ಬರಲು ನಾಲ್ಕೈದು ವರ್ಷ ಬೇಕು. ಹಿಂಗಾಲುಗಳು ಮುಂಗಾಲುಗಳಿಗಿಂತ ಕೊಂಚ ಉದ್ದ, ಮರ ಹತ್ತುವುದರಲ್ಲಿ ಬಲು ಗಟ್ಟಿ. ಮುಖವನ್ನು ಎದುರಿನಿಂದ ನೋಡಿದರೆ ಮೂರು ಬದಿಯೂ ಸಮನಾದ ತ್ರಿಕೋನ. ಪಕ್ಕದಿಂದ ನೋಡಿದರೆ ಹುಬ್ಬಿನಿಂದ ಮೂಗಿನ ತುದಿಯವರೆಗೆ ಎಲ್ಲಿಯೂ ತಗ್ಗಿಲ್ಲದ ನೇರ ಗೆರೆ. ಕಣ್ಣು ಬಾದಾಮಿಯ ಆಕಾರದ್ದು, ಓರೆಯಾಗಿ ಕೂತದ್ದು. ಅಮೆರಿಕದ ಮೇನ್ ಕೂನ್ ತಳಿಯನ್ನು ಇದರೊಡನೆ ಗೊಂದಲ ಮಾಡಿಕೊಳ್ಳುವವರು ಬಹಳ. ಮೇನ್ ಕೂನ್‌ನ ಮೂತಿ ಚೌಕನೆಯದು, ಮೂಗಿನ ಮೇಲೆ ಸಣ್ಣ ಬಾಗು ಇರುತ್ತದೆ. ಈ ಒಂದು ಗುರುತು ಸಾಕು.

ಕೂದಲಿನ ವಿಷಯವನ್ನು ನಮ್ಮವರಿಗೆ ವಿವರಿಸುವುದು ಸುಲಭ, ಏಕೆಂದರೆ ಆ ಏರ್ಪಾಡು ನಮಗೆ ಹೊಸದಲ್ಲ. ನಾಟಿಯ ದಿನಗಳಲ್ಲಿ ನಮ್ಮ ಹಿರಿಯರು ಗದ್ದೆಗೆ ಇಳಿಯುವಾಗ ಗಂಡಸರು ಕಂಬಳಿಕೊಪ್ಪೆ ಹಾಕುತ್ತಿದ್ದರು, ಹೆಂಗಸರು ಬೆನ್ನ ಮೇಲೆ ಎಲೆಯಿಂದ ಹೆಣೆದ ಗೊರಬು ಸೂಡುತ್ತಿದ್ದರು. ಕಂಬಳಿ ಮೈಯ ಕಾವನ್ನು ಹಿಡಿದಿಡುತ್ತದೆ. ಗೊರಬು ನೀರನ್ನು ಒಳಗೆ ಬಿಡದೆ ಅಂಚಿನಿಂದ ಜಾರಿಸುತ್ತದೆ. ಈ ಬೆಕ್ಕು ಎರಡನ್ನೂ ಒಟ್ಟಿಗೆ ತೊಟ್ಟಿದೆ. ಚರ್ಮಕ್ಕೆ ಹತ್ತಿ ದಟ್ಟವಾದ, ಉಣ್ಣೆಯಂಥ ಒಳಗೂದಲು; ಅದರ ಮೇಲೆ ಉದ್ದವಾದ, ನುಣುಪಾದ, ಎಣ್ಣೆಯ ಜಿಡ್ಡಿರುವ ಹೊರಗೂದಲು. ಹಿಮ ಬಿದ್ದರೂ ಮಳೆ ಹನಿದರೂ ಹೊರಗೂದಲಿನ ಮೇಲಿಂದ ಜಾರಿ ನೆಲಕ್ಕೆ ಬೀಳುತ್ತದೆ. ಕುತ್ತಿಗೆಯ ಸುತ್ತ ಪೊದೆಯಂಥ ಕೂದಲು, ಹಿಂದೊಡೆಯ ಮೇಲೆ ಚಲ್ಲಣದಂಥ ಕೂದಲು, ಕಿವಿಯೊಳಗೆ ಮತ್ತು ಕಾಲ್ಬೆರಳುಗಳ ನಡುವೆ ಕುಚ್ಚು. ಬೆರಳ ನಡುವಣ ಕುಚ್ಚು ಹಿಮದ ಮೇಲೆ ನಡೆಯುವಾಗ ಪಾದವನ್ನು ಬೆಚ್ಚಗಿಡುತ್ತದೆ. ವಸಂತ ಬಂದೊಡನೆ ಒಳಗೂದಲು ರಾಶಿರಾಶಿಯಾಗಿ ಉದುರುತ್ತದೆ. ಬೇಸಿಗೆಯಲ್ಲಿ ಬಾಲವನ್ನೂ ಕುಚ್ಚುಗಳನ್ನೂ ಮುಚ್ಚಿ ನೋಡಿದರೆ, ಇದೇ ಆ ಬೆಕ್ಕೇ ಎಂದು ಸಂಶಯ ಬರುವಷ್ಟು ಮೈ ತೆಳುವಾಗುತ್ತದೆ.

ಇಂಥ ಮೈ ಹೊತ್ತ ಬೆಕ್ಕು ಆ ಉತ್ತರದ ನೆಲಕ್ಕೆ ಬಂದದ್ದು ಎಲ್ಲಿಂದ? ಎಲ್ಲ ಸಾಕುಬೆಕ್ಕುಗಳ ಮೂಲ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣ ಸೀಮೆಯ, ಮರಳುಬಣ್ಣದ, ಗಿಡ್ಡಗೂದಲಿನ ಒಂದು ವನ್ಯಬೆಕ್ಕು. ಮನುಷ್ಯ ಬೇಸಾಯ ಕಲಿತು ಕಾಳನ್ನು ಕೂಡಿಡತೊಡಗಿದಾಗ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲಿಯೇ ಬೆಕ್ಕನ್ನೂ ಹೂಳಿದ್ದು ಸಿಕ್ಕಿದೆ. ಅಲ್ಲಿಂದ ಮುಂದೆ ಬೆಕ್ಕು ಹರಡಿದ್ದು ಬಹುಮಟ್ಟಿಗೆ ಹಡಗುಗಳಲ್ಲಿ. 2017ರಲ್ಲಿ ಪ್ರಕಟವಾದ, ಹಳೆಯ ಬೆಕ್ಕಿನ ಮೂಳೆಗಳ ಡಿಎನ್‌ಎ ಪರೀಕ್ಷಿಸಿದ ಅಧ್ಯಯನವೊಂದು ಬಾಲ್ಟಿಕ್ ಕರಾವಳಿಯ ರಾಲ್ಸ್‌ವೀಕ್ ಎಂಬ, ವೈಕಿಂಗರೆಂಬ ಉತ್ತರದ ಕಡಲುಗಾರರ ಕಾಲದ ವ್ಯಾಪಾರ ಬಂದರಿನಲ್ಲಿ ಈಜಿಪ್ಟಿನ ಮೂಲದ ಬೆಕ್ಕಿನ ವಂಶವಾಹಿಯನ್ನು ಗುರುತಿಸಿತು. ನೈಲ್ ನದಿಯ ದಂಡೆಯ ಬೆಕ್ಕಿನ ಪೀಳಿಗೆ ಸಾವಿರ ವರ್ಷಕ್ಕೂ ಹಿಂದೆ ಬಾಲ್ಟಿಕ್ ತೀರಕ್ಕೆ ತಲುಪಿತ್ತು ಎಂಬುದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆ ಕಾಲದವರು ಬೆಕ್ಕನ್ನು ಪ್ರೀತಿಗಾಗಿ ಮಾತ್ರ ಸಾಕಿದರೆಂದು ತಿಳಿಯಬೇಡಿ. ಡೆನ್ಮಾರ್ಕಿನ ಓಡೆನ್ಸ ಊರಿನಲ್ಲಿ, 1070ರ ಹೊತ್ತಿನ ಒಂದು ಬಾವಿಯ ಅಗೆತದಲ್ಲಿ ಕನಿಷ್ಠ 68 ಬೆಕ್ಕುಗಳ ಮೂಳೆಗಳು ಸಿಕ್ಕವು. ಚರ್ಮ ಸುಲಿದ ಕತ್ತಿಯ ಗುರುತು ಅವುಗಳ ಮೇಲೆ ಇತ್ತು. ಚಳಿಯ ನಾಡಿನಲ್ಲಿ ಬೆಕ್ಕಿನ ತುಪ್ಪಳು ಬೆಲೆಬಾಳುವ ಸರಕಾಗಿತ್ತು. ಅದೇ ದೇಶದ ಮೂಳೆಗಳನ್ನು ಅಳೆದ ಇನ್ನೊಂದು ಅಧ್ಯಯನದ ಪ್ರಕಾರ, ವೈಕಿಂಗ್ ಕಾಲದಿಂದ ಇಂದಿನವರೆಗೆ ಅಲ್ಲಿಯ ಸಾಕುಬೆಕ್ಕಿನ ಗಾತ್ರ ಸರಾಸರಿ ನೂರಕ್ಕೆ 16ರಷ್ಟು ಹೆಚ್ಚಿದೆ. ಹಾಗಾಗಿ ವೈಕಿಂಗರ ದೋಣಿಯಲ್ಲಿ ಇಂದಿನ ಸ್ಕೂಗ್‌ಕಟ್ಟಿನಷ್ಟೇ ದೊಡ್ಡ ಬೆಕ್ಕು ಕೂತಿತ್ತೆಂದು ಚಿತ್ರ ಬರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ದೊಡ್ಡ ಮೈಯೂ ದಪ್ಪ ಕೂದಲೂ ಬಂದಿಳಿದ ದಿನದ ಬಂಡವಾಳವಲ್ಲ. ನೂರಾರು ಚಳಿಗಾಲಗಳು ಬೆಚ್ಚಗಿದ್ದವನ್ನು ಉಳಿಸಿ, ನಡುಗಿದವನ್ನು ಕಳೆದು, ನಿಧಾನವಾಗಿ ಕೂಡಿಸಿಕೊಟ್ಟದ್ದು.

ಆ ಉತ್ತರದ ನಾಡುಗಳ ಪುರಾಣದ ಮಾತನ್ನೂ ಹೇಳಬೇಕು, ಏಕೆಂದರೆ ಈ ತಳಿಯ ಬಗ್ಗೆ ಬರೆಯುವ ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. 13ನೆಯ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಬರೆದಿಟ್ಟ ಕಥೆಗಳಲ್ಲಿ ಫ್ರೇಯಾ ದೇವಿಯ ರಥವನ್ನು ಎರಡು ಬೆಕ್ಕುಗಳು ಎಳೆಯುತ್ತವೆ. ಮಹಾಬಲಶಾಲಿಯಾದ ಥೋರ್ ದೇವರು ಬೂದುಬಣ್ಣದ ಬೆಕ್ಕೊಂದನ್ನು ಎತ್ತಲು ಹೋಗಿ ಅದರ ಒಂದು ಪಾದವನ್ನಷ್ಟೇ ನೆಲದಿಂದ ಮೇಲೆತ್ತಲು ಸಾಧ್ಯವಾದ ಪ್ರಸಂಗವೂ ಅಲ್ಲಿದೆ. ನಮ್ಮಲ್ಲಿ ಷಷ್ಠೀದೇವಿಗೆ ಬೆಕ್ಕು ವಾಹನವಾಗಿರುವುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಆದರೆ ಸ್ನೋರಿ ಬರೆದದ್ದು ಬೆಕ್ಕು ಎಂದಷ್ಟೇ. ಅದು ಉದ್ದಗೂದಲಿನದು, ಇದೇ ತಳಿಯದು ಎಂದು ಸೇರಿಸಿದವರು ನಂತರದವರು. 16ನೆಯ ಶತಮಾನದ ಕೊನೆಗೆ ನಾರ್ವೆಯಲ್ಲಿದ್ದ ಪೇಡರ್ ಕ್ಲಾಸನ್ ಫ್ರೀಸ್ ಎಂಬ ಪಾದ್ರಿ ಲಿಂಕ್ಸನ್ನು ತೋಳಲಿಂಕ್ಸ್, ನರಿಲಿಂಕ್ಸ್, ಬೆಕ್ಕುಲಿಂಕ್ಸ್ ಎಂದು ಮೂರು ಬಗೆಯಾಗಿ ವಿಂಗಡಿಸಿದ. ಆ ಮೂರನೆಯದು ಕಾಡಂಚಿನಲ್ಲಿ ಅಡ್ಡಾಡುತ್ತಿದ್ದ ಈ ಬೆಕ್ಕೇ ಇರಬಹುದೆಂದು ಹಲವರು ಊಹಿಸಿದ್ದಾರೆ. ಊಹೆಯನ್ನು ಊಹೆಯ ಜಾಗದಲ್ಲಿಯೇ ಇಡೋಣ.

ಕೂದಲು ಉದ್ದವಾದದ್ದರ ಗುಟ್ಟು ಮಾತ್ರ ಊಹೆಯಲ್ಲ, ಮತ್ತು ಈ ತಳಿಯ ಅಪರೂಪದ ಕಥೆಗೆ ಬೀಗದಕೈ ಅಲ್ಲಿಯೇ ಇದೆ. ಇದನ್ನು ನಮ್ಮೂರಿನ ಒಂದು ನೆನಪಿನಿಂದ ಹೇಳುತ್ತೇನೆ. ಹೊಸನಗರದ ಹತ್ತಿರದ ಒಂದು ಮನೆಗೆ ಎಮ್ಮೆಯ ಕೆಚ್ಚಲುಬಾವಿಗೆ ಔಷಧಿ ಕೊಡಲು ಹೋಗಿದ್ದೆ. ಕೆಲಸ ಮುಗಿಸಿ ಕೈ ತೊಳೆಯಲು ಬಚ್ಚಲಿಗೆ ಹೋದರೆ ಹಂಡೆಯ ಒಲೆಯ ಬಾಯಿಯಲ್ಲಿ, ಬೂದಿಯ ಬಿಸಿಗೆ, ತಾಯಿಬೆಕ್ಕು ನಾಲ್ಕು ಮರಿಗಳೊಡನೆ ಮಲಗಿತ್ತು. ಮೂರು ಮರಿ ತಾಯಿಯಂತೆಯೇ ನುಣ್ಣಗಿದ್ದವು. ನಾಲ್ಕನೆಯದು ಬಿಚ್ಚಿದ ಹತ್ತಿಯ ಉಂಡೆಯಂತಿತ್ತು. ಮನೆಯ ಅಜ್ಜಿ, “ಡಾಕ್ಟ್ರೇ, ಇದೊಂದು ಯಾರ ಹೋಲಿಕೆ? ಇದರಪ್ಪನ್ನೂ ಕಂಡಿದೀನಿ, ಅದಕ್ಕೂ ಇಷ್ಟು ಕೂದಲಿಲ್ಲ” ಎಂದರು. “ಅಮ್ಮಾ, ಅಪ್ಪನಲ್ಲಿಯೂ ಅಮ್ಮನಲ್ಲಿಯೂ ಅಡಗಿ ಕೂತಿದ್ದದ್ದು ಇದರಲ್ಲಿ ಹೊರಗೆ ಬಂದಿದೆ” ಎಂದೆ. ಅವರು ಕೂಡಲೇ, “ಹಂಗಾರೆ ನಮ್ಮ ಮನೆ ಬೆಕ್ಕಲ್ಲೂ ಇತ್ತು ಅನ್ನಿ” ಎಂದರು. ಇದಕ್ಕಿಂತ ಸರಿಯಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು.

ಎಫ್‌ಜಿಎಫ್5 ಎಂಬ ಜೀನ್ ಕೂದಲಿಗೆ ‘ಇನ್ನು ಬೆಳೆದದ್ದು ಸಾಕು’ ಎಂಬ ಸೂಚನೆ ಕೊಡುತ್ತದೆ. ಆ ಜೀನ್ ಕೆಟ್ಟರೆ ಸೂಚನೆ ತಲುಪುವುದಿಲ್ಲ, ಕೂದಲು ಹೆಚ್ಚು ಕಾಲ ಬೆಳೆದು ಉದ್ದವಾಗುತ್ತದೆ. ಆದರೆ ಪ್ರತಿಯೊಂದು ಬೆಕ್ಕಿಗೂ ಈ ಜೀನಿನ ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯದು, ಒಂದು ತಂದೆಯದು; ಒಂದು ಪ್ರತಿ ಸರಿಯಾಗಿದ್ದರೂ ಕೂದಲು ಗಿಡ್ಡವಾಗಿಯೇ ಉಳಿಯುತ್ತದೆ. 2007ರಲ್ಲಿ ಬೆಕ್ಕುಗಳಲ್ಲಿ ಈ ಜೀನನ್ನು ಪರೀಕ್ಷಿಸಿದಾಗ ಅದು ಕೆಟ್ಟಿರುವ ನಾಲ್ಕು ಬೇರೆ ಬೇರೆ ರೀತಿಗಳು ಸಿಕ್ಕವು. ಅವುಗಳಲ್ಲಿ ಒಂದು ಪರೀಕ್ಷಿಸಿದ ಉದ್ದಗೂದಲಿನ ತಳಿಗಳಲ್ಲೆಲ್ಲ ಇತ್ತು. ಇನ್ನೊಂದು ನಾರ್ವೆಯ ಕಾಡಿನ ಬೆಕ್ಕುಗಳಲ್ಲಿ ಮಾತ್ರ ಕಂಡುಬಂತು. ವೈಕಿಂಗ್ ಯೋಧರು ಬೈಜಾಂಟಿಯಮ್ (ಇಂದಿನ ಇಸ್ತಾಂಬುಲ್) ಚಕ್ರವರ್ತಿಗಳ ಕಾವಲುಪಡೆಯಲ್ಲಿ ದುಡಿದು ಊರಿಗೆ ಮರಳುವಾಗ ಅಲ್ಲಿಯ ಉದ್ದಗೂದಲಿನ ಬೆಕ್ಕುಗಳನ್ನು ತಂದರು ಎಂಬ ಕಥೆ ಬಹುಕಾಲದಿಂದ ಇದೆ. ತಂದಿರಲೂಬಹುದು. ಆದರೆ ಈ ತಳಿಗೇ ಮೀಸಲಾದ ಒಂದು ಮಾರ್ಪಾಡು ಸಿಕ್ಕಿರುವುದರಿಂದ, ಅದರ ಉದ್ದಗೂದಲೆಲ್ಲ ಹೊರಗಿನಿಂದ ಬಂದ ಕೊಡುಗೆ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಈಗ ಅಪರೂಪದ ಮಾತಿಗೆ ಬರುತ್ತೇನೆ. ಒಂದು ತಳಿ ಅಪರೂಪವಾಯಿತು ಎಂದರೆ ಬೇಟೆಯೋ ರೋಗವೋ ಕ್ಷಾಮವೋ ಅದನ್ನು ಕೊಂದಿತು ಎಂದು ನಾವು ಊಹಿಸಿಕೊಳ್ಳುತ್ತೇವೆ. ನಾರ್ವೆಯ ಬೆಕ್ಕನ್ನು ಯಾರೂ ಕೊಲ್ಲಲಿಲ್ಲ. ಅದು ಕರಗಿತು. ಹಳ್ಳಿಗಳಿಗೆ ರಸ್ತೆ ಬಂದು, ಪೇಟೆಯ ಗಿಡ್ಡಗೂದಲಿನ ಬೆಕ್ಕುಗಳು ಒಕ್ಕಲುಮನೆಗಳಿಗೆ ತಲುಪಿದ ಮೇಲೆ, ಕೂಡುವಿಕೆಗೆ ತಡೆ ಹಾಕುವವರು ಯಾರೂ ಇರಲಿಲ್ಲ. ಉದ್ದಗೂದಲಿನ ಹೆಣ್ಣು, ವಂಶದಲ್ಲಿ ಉದ್ದಗೂದಲೇ ಇಲ್ಲದ ಗಂಡಿನೊಡನೆ ಕೂಡಿದರೆ ಹುಟ್ಟುವ ಮರಿಗಳೆಲ್ಲವೂ ಗಿಡ್ಡಗೂದಲಿನವೇ. ಒಂದೇ ತಲೆಮಾರಿನಲ್ಲಿ ಕಣ್ಣೆದುರಿನ ಗುರುತು ಅಳಿಸಿಹೋಗುತ್ತದೆ. ಆ ಮರಿಗಳು ತಮ್ಮೊಳಗೇ ಕೂಡಿದರೆ ಸರಾಸರಿ ನಾಲ್ಕರಲ್ಲಿ ಒಂದಕ್ಕೆ ಉದ್ದಗೂದಲು ಮರಳುತ್ತದೆ, ಆದರೆ ಅಷ್ಟು ಹೊತ್ತಿಗೆ ಎಲುಬಿನ ದಪ್ಪ, ಮುಖದ ಕೋನ, ಒಳಗೂದಲಿನ ದಟ್ಟಣೆ ಎಲ್ಲವೂ ಕಲಸಿಹೋಗಿರುತ್ತವೆ. ಬೆಕ್ಕುಗಳ ಸಂಖ್ಯೆ ಕಡಿಮೆಯಾಗುವುದಿಲ್ಲ, ಹೆಚ್ಚಲೂಬಹುದು. ಆ ಬೆಕ್ಕು ಮಾತ್ರ ಇರುವುದಿಲ್ಲ.

ಇದು ಮಲೆನಾಡಿನವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ನಾನು ಕೆಲಸಕ್ಕೆ ಸೇರಿದಾಗ ಕೊಟ್ಟಿಗೆಗೆ ಹೋದರೆ ಹತ್ತರಲ್ಲಿ ಏಳೆಂಟು ರಾಸುಗಳು ಮಲೆನಾಡು ಗಿಡ್ಡವೇ ಆಗಿರುತ್ತಿದ್ದವು. ಗುಡ್ಡದ ಕಲ್ಲುದಾರಿಯಲ್ಲಿ ಮೇಯ್ದು, ಸುರಿಯುವ ಮಳೆಯನ್ನು ಮೈಮೇಲೆ ಹಾಕಿಕೊಂಡು, ಸೊಪ್ಪು ತಿಂದು ಬದುಕುವ ಆ ಸಣ್ಣ ದನವನ್ನೂ ಯಾರೂ ಕೊಲ್ಲಲಿಲ್ಲ. ಹೆಚ್ಚು ಹಾಲಿಗಾಗಿ ಜರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಎಂಬ ವಿದೇಶಿ ತಳಿಗಳ ಹೋರಿಗಳ ವೀರ್ಯವನ್ನು ಊರೂರಿಗೆ ಒಯ್ದೆವು. ಆ ಕೃತಕ ಗರ್ಭಧಾರಣೆಯನ್ನು ನನ್ನ ಕೈಯಿಂದಲೇ ಸಾವಿರಾರು ಸಲ ಮಾಡಿದ್ದೇನೆ. ಹಾಲು ಹೆಚ್ಚಿತು, ಮನೆಗಳಿಗೆ ಆಸರೆಯೂ ಆಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎರಡು ತಲೆಮಾರು ಕಳೆಯುವಷ್ಟರಲ್ಲಿ ಎಷ್ಟೋ ಕೊಟ್ಟಿಗೆಗಳಲ್ಲಿ ಅಪ್ಪಟ ಗಿಡ್ಡ ಉಳಿಯಲಿಲ್ಲ. ಮುಂದೆ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ಮಲೆನಾಡು ಗಿಡ್ಡವನ್ನು ಒಂದು ಪ್ರತ್ಯೇಕ ತಳಿಯೆಂದು ನೋಂದಾಯಿಸಿತು. ಹೆಸರೊಂದು ದಾಖಲೆಯಲ್ಲಿ ಸೇರುವವರೆಗೆ, ಕಳೆದುಹೋಗುತ್ತಿರುವುದು ಇದು ಎಂದು ಬೆರಳಿಟ್ಟು ತೋರಿಸಲೂ ಆಗುವುದಿಲ್ಲ.

ನಾರ್ವೆಯವರು ಬೆರಳಿಟ್ಟು ತೋರಿಸಿದ್ದು 1930ರ ದಶಕದಲ್ಲಿ. ಹಳ್ಳಿಗಾಡಿನ ಈ ಬೆಕ್ಕು ಕಾಣೆಯಾಗುತ್ತಿದೆ ಎಂದು ಅರಿತ ಕೆಲವರು 1938ರಲ್ಲಿ ಅದಕ್ಕಾಗಿ ಒಂದು ಸಂಘ ಕಟ್ಟಿದರು. ಸುಮಾರು ಎರಡು ವರ್ಷದಲ್ಲಿಯೇ, 1940ರ ಏಪ್ರಿಲ್‌ನಲ್ಲಿ, ಜರ್ಮನಿಯ ಸೇನೆ ನಾರ್ವೆಯನ್ನು ಆಕ್ರಮಿಸಿತು. 1945ರ ಮೇ ತಿಂಗಳವರೆಗೆ ದೇಶ ಪರರ ಕೈಯಲ್ಲಿತ್ತು. ಊಟಕ್ಕೇ ಪರದಾಡುವ ಕಾಲದಲ್ಲಿ ಬೆಕ್ಕಿನ ವಂಶಾವಳಿ ಯಾರಿಗೆ ನೆನಪಿರುತ್ತದೆ? ಯುದ್ಧ ಮುಗಿದಾಗ ಈ ತಳಿ ಪೂರ್ತಿ ಅಳಿಯುವ ಅಂಚಿಗೆ ಬಂದಿತ್ತು.

ಅದನ್ನು ಎತ್ತಿ ನಿಲ್ಲಿಸಿದ ಕೆಲಸ ಆದದ್ದು 1970ರ ದಶಕದಲ್ಲಿ. ಈ ಇತಿಹಾಸದಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲಿಯೇ. ನಾರ್ವೆಯ ಬೆಕ್ಕು ಸಂಘಗಳ ಮುಖ್ಯಸ್ಥರಾಗಿದ್ದ ಕಾರ್ಲ್ ಫ್ರೆಡ್ರಿಕ್ ನೂರ್ಡಾನೆ ಇದಕ್ಕೆ ಮುಂದಾಳಾದರು, ಮತ್ತು 1975ರಲ್ಲಿ ಈ ತಳಿಗೆಂದೇ ‘ನೋರ್ಸ್ಕ್ ಸ್ಕೂಗ್‌ಕಟ್‌ರಿಂಗ್’ ಎಂಬ ಕೂಟ ಹುಟ್ಟಿತು. ಅವರ ಮುಂದಿದ್ದ ತೊಡಕನ್ನು ಯೋಚಿಸಿ ನೋಡಿ: ತಳಿಯನ್ನು ಉಳಿಸಬೇಕಾದರೆ ತಳಿಯ ಬೆಕ್ಕು ಯಾವುದೆಂದು ಹೇಳಬೇಕು, ಹೇಳಲು ವಂಶಾವಳಿಯಿಲ್ಲ, ಏಕೆಂದರೆ ಒಕ್ಕಲುಮನೆಯ ಬೆಕ್ಕಿಗೆ ಯಾರೂ ದಾಖಲೆ ಬರೆದಿಟ್ಟಿರಲಿಲ್ಲ. ಆದ್ದರಿಂದ ಅವರು ಮೊದಲು ಲಕ್ಷಣಗಳನ್ನು ಬರೆದಿಟ್ಟುಕೊಂಡರು. ಹಳ್ಳಿಗಳಿಂದ ಬಂದ, ತಂದೆತಾಯಿ ಯಾರೆಂದು ತಿಳಿಯದ ಬೆಕ್ಕುಗಳನ್ನು ತೀರ್ಪುಗಾರರು ಕೈಯಲ್ಲಿ ಹಿಡಿದು, ಮುಖ ನೋಡಿ, ಒಳಗೂದಲನ್ನು ಬೆರಳಿನಿಂದ ಬಿಡಿಸಿ ನೋಡಿ, ಲಕ್ಷಣಕ್ಕೆ ಒಪ್ಪಿದವನ್ನು ಮಾತ್ರ ಹೊಸಬರೆಂದು ನೋಂದಣಿಗೆ ಸೇರಿಸಿದರು. ಹಾಗೆ ಸೇರಿದವುಗಳ ಮರಿಗಳಿಂದ ವಂಶಾವಳಿ ಶುರುವಾಯಿತು. ಪಾನ್ಸ್ ಟ್ರುಲ್ಸ್ ಎಂಬ ಗಂಡು ಬೆಕ್ಕನ್ನು ತಳಿಯ ಮಾದರಿಯೆಂದು ಆರಿಸಿಕೊಂಡರು. 1977ರಲ್ಲಿ ಯುರೋಪಿನ ಬೆಕ್ಕು ಸಂಘಗಳ ಒಕ್ಕೂಟವಾದ ಫೀಫೆ ಈ ತಳಿಗೆ ಮಾನ್ಯತೆ ನೀಡಿತು. ನಾರ್ವೆಯ ದೊರೆ ಐದನೆಯ ಓಲಾವ್ ಇದನ್ನು ದೇಶದ ಅಧಿಕೃತ ಬೆಕ್ಕೆಂದು ಸಾರಿದರೆಂದು ತಳಿಯ ಇತಿಹಾಸ ಬರೆದವರು ಹೇಳುತ್ತಾರೆ. 1979ರಲ್ಲಿ ಮೊದಲ ಜೋಡಿ ಅಮೆರಿಕಕ್ಕೆ ಹೋಯಿತು. ಅಲ್ಲಿಯ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್ 1993ರಲ್ಲಿ ಪೂರ್ಣ ಮಾನ್ಯತೆ ಕೊಟ್ಟಿತು.

ಹೀಗಿರುವಾಗ ಇಂದು ಇದು ಅಪರೂಪದ ತಳಿಯೇ? ಸ್ಕಾಂಡಿನೇವಿಯದಲ್ಲಿಯೂ ಯುರೋಪಿನ ಇತರ ಹಲವು ದೇಶಗಳಲ್ಲಿಯೂ ಅಲ್ಲ. ಅಲ್ಲಿ ಅದು ಜನ ಮೆಚ್ಚಿ ಸಾಕುವ ಬೆಕ್ಕು. ಅಲ್ಲಿಂದ ದೂರ ಹೋದಂತೆ ಸಂಖ್ಯೆ ಇಳಿಯುತ್ತದೆ, ನಮ್ಮ ದೇಶದಲ್ಲಿ ನಿಜವಾದ ದಾಖಲೆಯುಳ್ಳದ್ದು ಸಿಗುವುದು ಕಷ್ಟ. ಅಪರೂಪವೆಂಬುದು ಬೆಕ್ಕಿನ ಮೈಯಲ್ಲಿರುವ ಗುಣವಲ್ಲ. ಯಾವ ಕಾಲದಲ್ಲಿ, ಯಾವ ಊರಿನಲ್ಲಿ ಎಂಬುದರ ಮೇಲೆ ನಿಂತ ಮಾತು. ಮಾರುವವರು ಅದನ್ನು ಗುಣವೆಂಬಂತೆ ಹೇಳುತ್ತಾರೆ.

ಪಾರುಮಾಡಿದ್ದಕ್ಕೆ ತೆತ್ತ ಬೆಲೆಯೂ ಇದೆ. ಕೆಲವೇ ಬೆಕ್ಕುಗಳಿಂದ ಇಡೀ ವಂಶವನ್ನು ಎಬ್ಬಿಸಿದಾಗ, ಅವುಗಳಲ್ಲಿ ಅಡಗಿದ್ದ ಒಳಿತಿನೊಡನೆ ಕೆಡುಕೂ ಹರಡುತ್ತದೆ. ಈ ತಳಿಯಲ್ಲಿ ಗ್ಲೈಕೊಜನ್ ಸಂಗ್ರಹದ ನಾಲ್ಕನೆಯ ಬಗೆಯ ದೋಷ ಎಂಬ ಆನುವಂಶಿಕ ರೋಗವಿದೆ. ದೇಹ ಸಕ್ಕರೆಯನ್ನು ಕೂಡಿಡುವಾಗ ಅದನ್ನು ಕವಲುಕವಲಾಗಿ ಜೋಡಿಸಬೇಕಾದ ಕಿಣ್ವ ಈ ಮರಿಗಳಲ್ಲಿ ಕೆಲಸ ಮಾಡುವುದಿಲ್ಲ. ಹೆಚ್ಚಿನವು ಸತ್ತೇ ಹುಟ್ಟುತ್ತವೆ ಅಥವಾ ಹುಟ್ಟಿದ ಕೆಲವು ಗಂಟೆಗಳಲ್ಲಿ ಸಾಯುತ್ತವೆ. ಬದುಕಿದ ಒಂದೆರಡು ಮರಿಗಳು ಸುಮಾರು ಐದು ತಿಂಗಳವರೆಗೆ ಎಲ್ಲ ಮರಿಗಳಂತೆ ಆಡಿಕೊಂಡಿದ್ದು, ಬಳಿಕ ನಡುಕ ಬಂದು, ಸ್ನಾಯುಗಳು ಸೋತು, ನಡೆಯಲಾಗದೆ ಹೋಗುತ್ತವೆ. ಇದೂ ಉದ್ದಗೂದಲಿನಂತೆ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣಿಸಿಕೊಳ್ಳುವ ಗುಣ. ಇದಕ್ಕೆ ಕಾರಣವಾದ ಜಿಬಿಇ1 ಜೀನಿನ ದೋಷವನ್ನು 2007ರಲ್ಲಿ ವಿವರಿಸಲಾಯಿತು, ಮತ್ತು ಈಗ ಡಿಎನ್‌ಎ ಪರೀಕ್ಷೆಯಿಂದ ಅದನ್ನು ಹೊತ್ತಿರುವ ಬೆಕ್ಕುಗಳನ್ನು ಮೊದಲೇ ಗುರುತಿಸಬಹುದು. ನೀವು ಯಾರಾದರೂ ಈ ತಳಿಯ ಮರಿಯನ್ನು ಕೊಳ್ಳುವುದಾದರೆ, ಬಣ್ಣ ನೋಡುವ ಮೊದಲು, ತಂದೆತಾಯಿಗಳ ನೋಂದಣಿ ಪತ್ರವನ್ನೂ ಈ ಪರೀಕ್ಷೆಯ ವರದಿಯನ್ನೂ ಕೇಳಿ. ಕೊಡಲಾಗದವರು ಮಾರುತ್ತಿರುವುದು ಹೆಸರನ್ನು ಮಾತ್ರ.

ಇನ್ನು, ಮಳೆಗೆ ಒಗ್ಗಿದ ಬೆಕ್ಕಾದ್ದರಿಂದ ಮಲೆನಾಡಿಗೆ ಹೊಂದುತ್ತದೆ ಎಂದು ಕೆಲವರು ನನ್ನೊಡನೆ ವಾದಿಸಿದ್ದಾರೆ. ನಾರ್ವೆಯಲ್ಲಿ ಮಳೆಗೆ ಹೆಸರಾದ ಬೆರ್ಗೆನ್ ನಗರದಲ್ಲಿ ವರ್ಷಕ್ಕೆ 2200 ಮಿಲಿಮೀಟರಿನ ಆಸುಪಾಸು ಮಳೆಯಾಗುತ್ತದೆ. ನಮ್ಮ ಆಗುಂಬೆಯಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ಆದರೆ ವ್ಯತ್ಯಾಸ ಮಳೆಯ ಲೆಕ್ಕದಲ್ಲಿಲ್ಲ. ಅಲ್ಲಿಯ ಮಳೆ ತಣ್ಣಗಿನದು. ಮನೆಯೊಳಗೆ ಬೆಂಕಿಯ ಒಣ ಕಾವು ಸಿಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುತ್ತದೆ. ಈ ಬೆಚ್ಚಗಿನ ತೇವದಲ್ಲಿ ದಟ್ಟವಾದ ಒಳಗೂದಲು ಒಮ್ಮೆ ಒದ್ದೆಯಾದರೆ ಒಣಗುವುದಿಲ್ಲ. ಜಡೆಗಟ್ಟುತ್ತದೆ, ಅದರಡಿಯ ಚರ್ಮಕ್ಕೆ ಗಾಳಿಯಾಡದೆ ಬೂಷ್ಟಿನ ರೋಗ ಹತ್ತುತ್ತದೆ. ಗೊರಬನ್ನೂ ಕಂಬಳಿಯನ್ನೂ ಗದ್ದೆಯಿಂದ ಬಂದೊಡನೆ ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಹೊಗೆಯಲ್ಲಿ ಒಣಗಿಸುತ್ತಿದ್ದೆವು. ಬೆಕ್ಕು ತನ್ನದನ್ನು ಕಳಚಿಡಲಾರದು. ಈಗಾಗಲೇ ಉದ್ದಗೂದಲಿನ ಬೆಕ್ಕನ್ನು ಸಾಕಿರುವವರು, ಅದು ಯಾವ ತಳಿಯದೇ ಇರಲಿ, ಮಳೆಗಾಲದಲ್ಲಿ ದಿನ ಬಿಟ್ಟು ದಿನ ಅಗಲಹಲ್ಲಿನ ಬಾಚಣಿಗೆಯಿಂದ ಬುಡದವರೆಗೆ ಬಾಚಬೇಕು, ಒದ್ದೆಯಾದರೆ ಕೂಡಲೇ ಒಣಬಟ್ಟೆಯಿಂದ ಒರಸಿ ಕಾವಿನ ಜಾಗದಲ್ಲಿ ಕೂರಿಸಬೇಕು. ಹುಳುಕಡ್ಡಿ ಬೆಕ್ಕಿನಿಂದ ಮನೆಯ ಮಕ್ಕಳಿಗೂ ಹತ್ತುತ್ತದೆ ಎಂಬುದನ್ನು ಮರೆಯಬಾರದು.

ಉಪನ್ಯಾಸ ಮುಗಿದ ಮೇಲೆ ಒಬ್ಬ ಶಿಕ್ಷಕಿ, ಹಾಗಾದರೆ ನಮ್ಮ ಮನೆಗಳ ಬೆಕ್ಕಿಗೆ ತಳಿಯೆಂಬುದೇ ಇಲ್ಲವೇ ಎಂದು ಕೇಳಿದರು. 1938ಕ್ಕೆ ಮೊದಲು ಸ್ಕೂಗ್‌ಕಟ್ಟಿಗೂ ಇರಲಿಲ್ಲ ಎಂದೆ. ನಮ್ಮ ಬಚ್ಚಲೊಲೆಯ ಬೆಕ್ಕು ಈ ನೆಲದ ಸೆಕೆ, ಮಳೆ, ಉಂಬಳ, ಕೆರಕಲು ಅನ್ನ ಎಲ್ಲವನ್ನೂ ಸಹಿಸಿ ನೂರಾರು ವರ್ಷಗಳಿಂದ ಆಯ್ಕೆಯಾಗಿ ಬಂದದ್ದು. ತೆಳುಗೂದಲು, ದೊಡ್ಡ ಕಿವಿ, ಹಗುರವಾದ ಮೈ, ಇವೆಲ್ಲ ಇಲ್ಲಿಯ ಹವೆಗೆ ತಕ್ಕ ಉಡುಗೆ. ಅದರ ಲಕ್ಷಣಗಳನ್ನು ಯಾರೂ ಬರೆದಿಟ್ಟಿಲ್ಲದಿದ್ದರೆ ಅದು ಬೆಕ್ಕಿನ ಕೊರತೆಯಲ್ಲ. ಹತ್ತಿರದ ಐವತ್ತು ಮನೆಗಳ ಬೆಕ್ಕುಗಳ ತೂಕ, ಬಣ್ಣ, ಬಾಲದ ಅಳತೆಯನ್ನು ತಮ್ಮ ಶಾಲೆಯ ಮಕ್ಕಳಿಂದ ಬರೆಸಲು ಅವರು ಒಪ್ಪಿದ್ದಾರೆ. ತಕ್ಕಡಿ ನಾನು ಕೊಡುತ್ತೇನೆ.

ಆ ಯುವಕನ ಬೆಕ್ಕಿನ ವಿಷಯವನ್ನು ಕೆಲವರು ಆಮೇಲೂ ವಿಚಾರಿಸಿದರು. ಅದರ ಮುಖ ದುಂಡಗೆ, ಮೂಗು ಒಳಗೆ ಒತ್ತಿದಂತೆ, ಕಣ್ಣು ಗುಂಡಗೆ ಇದ್ದವು; ತ್ರಿಕೋನವೂ ಇಲ್ಲ, ನೇರಗೆರೆಯೂ ಇಲ್ಲ. ಪರ್ಷಿಯನ್ ಮತ್ತು ನಾಡಬೆಕ್ಕಿನ ಮಿಶ್ರಣವೆಂದು ನನಗೆ ತೋರಿತು. ಅವನಿಗೆ ಹೀಗೆಂದು ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇರಲಿ ಸರ್, ಮನೇಲಿ ಅಮ್ಮಂಗೆ ಹಚ್ಚಿಕೊಂಡಿದೆ” ಎಂದ. ಜಡೆಗಟ್ಟಿದ ಕೂದಲನ್ನೆಲ್ಲ ಬೋಳಿಸಿ, ಆರು ವಾರ ಔಷಧಿ ಕೊಟ್ಟೆವು. ದೀಪಾವಳಿಯ ಹೊತ್ತಿಗೆ ಹೊಸ ಕೂದಲು ಎರಡು ಬೆರಳಿನಷ್ಟು ಬಂದಿತ್ತು, ಕಿವಿಯ ಬುಡದ ಮಚ್ಚೆ ಮುಚ್ಚಿಹೋಗಿತ್ತು. ಎರಡನೆಯ ಲಸಿಕೆಗೆಂದು ಕರೆತಂದಾಗ ಅವನ ಎದುರಿನಲ್ಲಿಯೇ ಪುಸ್ತಕ ತೆರೆದು, ಖಾಲಿ ಬಿಟ್ಟಿದ್ದ ಗೆರೆಯ ಮೇಲೆ ‘ಮಿಶ್ರ, ಉದ್ದಗೂದಲು, ಊರು ಸಾಗರ’ ಎಂದು ಬರೆದು ಸಹಿ ಹಾಕಿದೆ.